ಸೋರುವ ಮನೆ, ಹತ್ತು ತಿಂಗಳ ಅಡ್ವಾನ್ಸ್

ಬಾಡಿಗೆ ಮನೆಯನ್ನು ಮಳೆಗಾಲದಲ್ಲೇ ನೋಡಬೇಕು. ಬೆಂಗಳೂರಿನಲ್ಲಿ ಈ ಮಾತನ್ನು ಪಾಲಿಸುವುದು ಕಷ್ಟ. ಸಂಸಾರಸ್ಥರು ಮನೆ ಬದಲಿಸುವುದು ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಶಾಲೆ ತೆರೆಯುವ ಮೊದಲು. ಏಪ್ರಿಲ್ ಬಿಸಿಲಿಗೆ ತಾರಸಿ ಕಾದು, ಗೋಡೆಗಳು ಒಣಗಿ, ವರ್ಷವಿಡೀ ಇದ್ದ ತೇವ ಎಲ್ಲೋ ಅಡಗಿ ಕೂತಿರುವ ಕಾಲ ಅದು. ಅದರ ಮೇಲೆ ಹೊಸ ಪುಟ್ಟಿ, ಹೊಸ ಬಣ್ಣ. ದಲ್ಲಾಳಿ ಕಿಟಕಿ ತೆರೆದು "ನೋಡಿ ಮೇಡಂ, ಎಂಥ ಗಾಳಿ, ಎಂಥ ಬೆಳಕು" ಎನ್ನುತ್ತಾನೆ. ನಾವು ನಲ್ಲಿ ತಿರುಗಿಸಿ ನೋಡುತ್ತೇವೆ, ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಎಂದು ಕೇಳುತ್ತೇವೆ, ಸ್ಕೂಟರ್ ನಿಲ್ಲಿಸಲು ಜಾಗವಿದೆಯೇ ಎಂದು ವಿಚಾರಿಸುತ್ತೇವೆ. ಮಲಗುವ ಕೋಣೆಯ ಚಾವಣಿಯ ಮೇಲೆ ಯಾರ ಬಚ್ಚಲಿದೆ ಎಂದು ಮಾತ್ರ ಕೇಳುವುದಿಲ್ಲ.

ನಗರಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು 970 ಮಿಲಿಮೀಟರ್. ಅದರಲ್ಲಿ ಅರ್ಧದಷ್ಟು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮೂರೇ ತಿಂಗಳಲ್ಲಿ ಸುರಿಯುತ್ತದೆ. ಅಷ್ಟು ಹೊತ್ತಿಗೆ ಕರಾರು ಪತ್ರಕ್ಕೆ ಸಹಿ ಬಿದ್ದು, ಅಡ್ವಾನ್ಸ್ ಕೈಬಿಟ್ಟು, ಗ್ಯಾಸ್ ಸಂಪರ್ಕ ಬಂದು, ಮಕ್ಕಳ ಶಾಲೆಯ ವ್ಯಾನ್ ಗೊತ್ತಾಗಿರುತ್ತದೆ. ಗೋಡೆ ತನ್ನ ನಿಜ ರೂಪ ತೋರಿಸುವುದು ಆಮೇಲೆ.

ಗಿರಿನಗರದ ಕಡೆ ನಾವಿದ್ದ ಮನೆಯಲ್ಲಿ ಮೊದಲು ಕಾಣಿಸಿದ್ದು ಚಾವಣಿಯ ಮೂಲೆಯಲ್ಲಿ ಚಹಾ ಚೆಲ್ಲಿದಂಥ ಒಂದು ಕಲೆ. ಕೆಲವು ದಿನಗಳಲ್ಲಿ ಅದರ ಕೆಳಗಿನ ಗೋಡೆಯ ಬಣ್ಣ ಉಬ್ಬಿತು. ಬೆರಳಿಟ್ಟರೆ ಪುಟ್ಟಿ ಹುಡಿಹುಡಿಯಾಗಿ ಉದುರಿತು. ನವರಾತ್ರಿಯ ಸ್ವಚ್ಛತೆಗೆಂದು ಬೀರುವನ್ನು ಸರಿಸಿದಾಗ ಅದರ ಹಿಂದೆ ನೆಲದಿಂದ ಎದೆಯೆತ್ತರದವರೆಗೆ ಕಪ್ಪು ಚುಕ್ಕೆಗಳು ಹಬ್ಬಿದ್ದವು. ಬೀರುವಿನೊಳಗೆ ಅಮ್ಮ ಕೊಟ್ಟ ರೇಷ್ಮೆ ಸೀರೆಯ ಮಡಿಕೆಗಳ ಮೇಲೂ ಬೂಷ್ಟು. ಕೆಳಗಿನ ಮಹಡಿಯಲ್ಲೇ ಇದ್ದ ಮಾಲೀಕರನ್ನು ಕರೆದು ತೋರಿಸಿದೆವು. ನಿವೃತ್ತರು, ಸಂಭಾವಿತರು. ಗೋಡೆಯನ್ನು ಒಮ್ಮೆ ತಟ್ಟಿ ನೋಡಿ, "ಕಿಟಕಿ ತೆರೆದಿಡಿ ಅಮ್ಮ, ಒಳಗೆ ಬಟ್ಟೆ ಒಣಗಿಸಬೇಡಿ. ಗಾಳಿಯಾಡಿದರೆ ಎಲ್ಲ ಸರಿಹೋಗುತ್ತದೆ. ಮಳೆಗಾಲ ಅಲ್ಲವೇ?" ಎಂದು ಹೇಳಿ ಹೋದರು.

"ಮಳೆಗಾಲ ಅಲ್ಲವೇ" ಎಂಬ ಸಮಾಧಾನ ನಮ್ಮಂಥವರ ಮೇಲೆ ಸುಲಭವಾಗಿ ಕೆಲಸ ಮಾಡುತ್ತದೆ. ನನ್ನದು ತೀರ್ಥಹಳ್ಳಿ ಕಡೆಯ ತವರು. ಜುಲೈ ಬಂತೆಂದರೆ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು, ಹಪ್ಪಳದ ಡಬ್ಬ ಎಲ್ಲಕ್ಕೂ ಬೂಷ್ಟು ಹಿಡಿಯುತ್ತಿತ್ತು. ಒಲೆಯ ಮೇಲೆ ಕಟ್ಟಿದ ಬಿದಿರಿನ ಗಳುವಿನಲ್ಲಿ ಬಟ್ಟೆ ಒಣಗಿ ಹೊಗೆಯ ವಾಸನೆ ಹೊಡೆಯುತ್ತಿತ್ತು. ಯಾರೂ ಯಾರ ಮೇಲೂ ತಪ್ಪು ಹೊರಿಸುತ್ತಿರಲಿಲ್ಲ. ಆದರೆ ಆ ಹಂಚಿನ ಮನೆಯ ಸಂದುಗಳಲ್ಲಿ ಗಾಳಿ ಓಡಾಡುತ್ತಿತ್ತು, ಸುಣ್ಣ ಬಳಿದ ಗೋಡೆ ಹೀರಿದ ನೀರನ್ನು ಬಿಟ್ಟುಕೊಡುತ್ತಿತ್ತು, ದೀಪಾವಳಿಯ ಬಿಸಿಲಿಗೆ ಎಲ್ಲ ಒಣಗುತ್ತಿತ್ತು. ಸಿಮೆಂಟ್ ಬ್ಲಾಕಿನ ಗೋಡೆಗೆ ಸಿಮೆಂಟ್ ಗಾರೆ ಬಳಿದು, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ಕಿನ ಗುಣದ ಬಣ್ಣ ಹೊಡೆದ ಬೆಂಗಳೂರಿನ ಮನೆಯಲ್ಲಿ ಒಳಹೊಕ್ಕ ನೀರಿಗೆ ಹೊರಹೋಗುವ ದಾರಿಯೇ ಇರುವುದಿಲ್ಲ. ಮಲೆನಾಡಿನ ಬೂಷ್ಟು ಹವೆಯಿಂದ ಬಂದದ್ದು. ಇಲ್ಲಿಯದು ಬಹಳಷ್ಟು ಸಲ ಕಟ್ಟಡದ ದೋಷದಿಂದ ಬಂದದ್ದು. ಅದಕ್ಕೊಬ್ಬ ಹೊಣೆಗಾರ ಇದ್ದಾನೆ. ಈ ವ್ಯತ್ಯಾಸ ತಲೆಗೆ ಹೋಗದಿದ್ದರೆ ಹಕ್ಕಿನ ಮಾತೇ ಹುಟ್ಟುವುದಿಲ್ಲ.

ನಮ್ಮ ಬೀದಿಯ ಪ್ಲಂಬರ್ ಬಂದು ಚಾವಣಿ ನೋಡಿದವನೇ "ಇದು ಮಳೆ ನೀರಲ್ಲ" ಎಂದ. ಮಳೆ ನಿಂತ ವಾರದಲ್ಲೂ ಕಲೆ ಒದ್ದೆಯಾಗಿಯೇ ಇದೆಯಲ್ಲ ಎಂಬುದು ಅವನ ಲೆಕ್ಕ. ಮೇಲಿನ ಮನೆಯವರ ಒಪ್ಪಿಗೆ ಪಡೆದು, ಅವರ ಬಚ್ಚಲಿನ ಜಾಲಿಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಅಂಗುಲ ನೀರು ನಿಲ್ಲಿಸಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸಿದ. ಮರುದಿನ ಸಂಜೆ ನಮ್ಮ ಚಾವಣಿಯ ಕಲೆಯ ಅಂಚು ತೆಳುನೀಲಿಗೆ ತಿರುಗಿತ್ತು. ಈಗಿನ ಕಟ್ಟಡಗಳಲ್ಲಿ ಬಚ್ಚಲಿನ ನೆಲವನ್ನು ಸುತ್ತಲಿನದಕ್ಕಿಂತ ತಗ್ಗಿಸಿ, ಅಲ್ಲಿ ಪೈಪುಗಳನ್ನು ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಸುತ್ತಾರೆ. ಟೈಲ್ಸಿನ ಸಂದಿಯ ಸಿಮೆಂಟ್ ಸವೆದರೆ, ಜಾಲಿಯ ಕೆಳಗಿನ ಜೋಡಣೆ ಬಿಟ್ಟರೆ, ನೀರು ಆ ತಗ್ಗಿನಲ್ಲಿ ಕೆರೆಯಾಗಿ ನಿಂತು ತಿಂಗಳುಗಟ್ಟಲೆ ನಿಧಾನವಾಗಿ ಕೆಳಗಿಳಿಯುತ್ತದೆ. ಒಳಗಿನ ಕಬ್ಬಿಣಕ್ಕೂ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಹಿಗ್ಗಿ ಕಾಂಕ್ರೀಟನ್ನು ಸೀಳುತ್ತದೆ. ಇದು ನಮ್ಮ ಸೀರೆಯ ಪ್ರಶ್ನೆಗಿಂತ ಮಾಲೀಕರ ಆಸ್ತಿಯ ಪ್ರಶ್ನೆ. ಅವರಿಗೆ ನೀಲಿ ಕಲೆ ತೋರಿಸಿದಾಗ ಬಂದ ಉತ್ತರ: "ಮೇಲಿನವರು ನೀರು ಜಾಸ್ತಿ ಬಳಸುತ್ತಾರೆ, ಹೇಳಿ ನೋಡುತ್ತೇನೆ." ಬಚ್ಚಲಿನಲ್ಲಿ ನೀರು ಬಳಸುವುದೂ ಬಾಡಿಗೆದಾರರ ತಪ್ಪಾಗಬಹುದೆಂದು ಅಂದು ತಿಳಿಯಿತು.

ಬದುಕುವ ರೀತಿಯ ಮೇಲೆ ತಪ್ಪು ಹೊರಿಸುವ ಚಾಳಿ ಬೆಂಗಳೂರಿಗೆ ಮಾತ್ರ ಸೀಮಿತವಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಸುಡಾನ್‌ನಿಂದ ಬಂದ ಕುಟುಂಬ, ಸಾಮಾಜಿಕ ವಸತಿ ಸಂಸ್ಥೆಯೊಂದರ ಒಂದು ಕೋಣೆಯ ಫ್ಲ್ಯಾಟ್. ತಂದೆ 2017ರಿಂದ ದೂರು ಕೊಡುತ್ತಲೇ ಬಂದಿದ್ದರು. ಬೂಷ್ಟಿನ ಮೇಲೆ ಬಣ್ಣ ಹೊಡೆಯಿರಿ ಎಂದು ಅವರಿಗೆ ಹೇಳಲಾಗಿತ್ತು, ಸ್ನಾನ ಮಾಡುವ ರೀತಿಯ ಬಗ್ಗೆಯೂ ಊಹೆಗಳೆದ್ದಿದ್ದವು. ಮಗು ಸತ್ತದ್ದು ಮನೆಯ ಬೂಷ್ಟಿಗೆ ಬಹುಕಾಲ ಒಡ್ಡಿಕೊಂಡು ಉಂಟಾದ ಉಸಿರಾಟದ ತೊಂದರೆಯಿಂದ ಎಂದು 2022ರ ನವೆಂಬರ್‌ನಲ್ಲಿ ಸಾವಿನ ವಿಚಾರಣಾಧಿಕಾರಿ ತೀರ್ಮಾನಿಸಿದರು. ಅಲ್ಲಿಂದ ಹುಟ್ಟಿದ್ದು ಮಗುವಿನ ಹೆಸರಿನಲ್ಲೇ ಕರೆಯಲಾಗುವ ಕಾನೂನು. 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿ ಮನೆಗಳಲ್ಲಿ ಅದು ಜಾರಿಯಲ್ಲಿದೆ. ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ಕ್ರಮ. ಗಂಭೀರ ತೇವ, ಬೂಷ್ಟಿನ ದೂರಾದರೆ 10 ಕೆಲಸದ ದಿನಗಳಲ್ಲಿ ತನಿಖೆ, ಅಪಾಯ ಕಂಡರೆ ಮುಂದಿನ 5 ಕೆಲಸದ ದಿನಗಳಲ್ಲಿ ಮನೆಯನ್ನು ಸುರಕ್ಷಿತವಾಗಿಸುವ ಕೆಲಸ. ದಿನಗಳನ್ನು ಎಣಿಸಿ ಕಾನೂನಿನಲ್ಲಿ ಬರೆಯಲು ಒಂದು ಮಗು ಸಾಯಬೇಕಾಯಿತು.

ನಮ್ಮಲ್ಲಿ ದಿನಗಳ ಲೆಕ್ಕವಿಲ್ಲ. ಇರುವುದು ಏನು ಎಂದು ನೋಡಿದರೆ ಮೊದಲಿಗೆ ನಿರಾಶೆಯೇ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಎಂದು ಜನ ಹೇಳುವುದುಂಟು. ಆದರೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಕಟ್ಟಡಗಳಿಗೆ, ಉಳಿದ ಕಡೆ 2,000 ಮೀರಿದವಕ್ಕೆ ಅದು ಅನ್ವಯಿಸುವುದೇ ಇಲ್ಲ. ಇವತ್ತು ಆ ದುಡ್ಡಿಗೆ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ನಮ್ಮಲ್ಲಿ ಬಹುತೇಕರ ಮೇಲೆ ನಡೆಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ, ಅಂದರೆ ಬೆಂಗಳೂರಿಗೆ ವಿದ್ಯುತ್ ದೀಪ ಬರುವುದಕ್ಕೂ ಮುಂಚಿನದು.

ಅದರ 108ನೇ ಕಲಮಿನಲ್ಲಿ ಮೂರು ಮಾತುಗಳಿವೆ, ಮೂರೂ ನಮ್ಮ ಗೋಡೆಗೆ ಸಂಬಂಧಿಸಿದವು. ಮೊದಲನೆಯದು, ತನಗೆ ಗೊತ್ತಿರುವ, ಬಾಡಿಗೆದಾರನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವಿದ್ದರೆ ಮಾಲೀಕ ಅದನ್ನು ಹೇಳಬೇಕು. ಏಪ್ರಿಲ್‌ನಲ್ಲಿ ಒಂದೇ ಗೋಡೆಗೆ ಮಾತ್ರ ಹೊಸ ಪುಟ್ಟಿ ಬಳಿದವರಿಗೆ ಇದನ್ನು ದೊಡ್ಡಕ್ಷರದಲ್ಲಿ ಬರೆದು ಕಳಿಸಬೇಕೆನಿಸುತ್ತದೆ. ಎರಡನೆಯದು ಬಾಡಿಗೆದಾರನ ಕರ್ತವ್ಯ: ಮನೆ ಯಾವ ಸ್ಥಿತಿಯಲ್ಲಿ ಸಿಕ್ಕಿತೋ ಅದೇ ಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು, ಸಹಜ ಸವೆತ ಮತ್ತು ತಡೆಯಲಾಗದ ಕಾರಣಗಳಿಂದ ಆದದ್ದನ್ನು ಬಿಟ್ಟು. ಮೂರನೆಯದು ಎಲ್ಲರೂ ಕುಣಿದಾಡುವ ಮಾತು. ಮಾಲೀಕ ತಾನು ಮಾಡಲೇಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಓದಿದಾಗ ಖುಷಿಯಾಗುತ್ತದೆ. ಆದರೆ ಯಾವ ದುರಸ್ತಿಯನ್ನು ಮಾಲೀಕ ಮಾಡಲೇಬೇಕು ಎಂಬುದನ್ನು ಈ ಕಾಯ್ದೆ ಪಟ್ಟಿ ಮಾಡಿ ಹೇಳುವುದಿಲ್ಲ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಅಥವಾ ಸ್ಥಳೀಯ ರೂಢಿ ಬೇರೆ ಇದ್ದರೆ ಅದೇ ನಡೆಯುತ್ತದೆ ಎಂದೂ ಕಲಮಿನ ಆರಂಭದಲ್ಲೇ ಇದೆ. ಅಂದರೆ ಉತ್ತರವಿರುವುದು ಕರಾರು ಪತ್ರದಲ್ಲಿ. ಉಪನೋಂದಣಾಧಿಕಾರಿ ಕಚೇರಿಯ ಸುತ್ತಮುತ್ತಲಿನ ಟೈಪಿಂಗ್ ಅಂಗಡಿಗಳಲ್ಲಿ ಹೆಸರು, ವಿಳಾಸ, ಮೊತ್ತ ಬದಲಿಸಿ ಮುದ್ರಿಸಿಕೊಡುವ ಆ ಪತ್ರದಲ್ಲಿ ದುರಸ್ತಿಯ ಬಗ್ಗೆ ಸಾಮಾನ್ಯವಾಗಿ ಇರುವುದು ಇಷ್ಟೇ: ಬಾಡಿಗೆದಾರರು ಮನೆಯನ್ನು ಸುಸ್ಥಿತಿಯಲ್ಲಿ ಪಡೆದಿದ್ದಾರೆ, ಸುಸ್ಥಿತಿಯಲ್ಲೇ ಹಿಂತಿರುಗಿಸಬೇಕು, ಬಿಡುವಾಗ ಬಣ್ಣದ ಖರ್ಚಿಗೆ ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು. ಸುಸ್ಥಿತಿಯಲ್ಲಿ ಪಡೆದೆ ಎಂದು ಏಪ್ರಿಲ್‌ನಲ್ಲಿ ಸಹಿ ಹಾಕಿದವರು ಅಕ್ಟೋಬರ್‌ನ ಕಲೆಯನ್ನು ತಾವು ಮಾಡಿದ್ದಲ್ಲ ಎಂದು ಸಾಬೀತು ಮಾಡಲು ಹೆಣಗಬೇಕಾಗುತ್ತದೆ.

ಇನ್ನು ಅಡ್ವಾನ್ಸ್. ಹಿಂದಿನಿಂದ ನಡೆದು ಬಂದ ಹತ್ತು ತಿಂಗಳ ಅಡ್ವಾನ್ಸ್ ಈಗ ಕೆಲವು ಕಡೆ ಐದಾರಕ್ಕೆ ಇಳಿದಿದೆ, ಪೂರ್ತಿ ಹೋಗಿಲ್ಲ. ತಿಂಗಳಿಗೆ 25,000 ರೂಪಾಯಿ ಬಾಡಿಗೆಯೆಂದರೆ ಎರಡೂವರೆ ಲಕ್ಷ. ಸಾಲ ಮಾಡಿಯೋ ಒಡವೆ ಅಡವಿಟ್ಟೋ ಕೊಟ್ಟ ದುಡ್ಡು ಇನ್ನೊಬ್ಬರ ಕೈಯಲ್ಲಿರುವಾಗ ಯಾರು ಜೋರು ಮಾತಾಡುತ್ತಾರೆ? ನನ್ನ ಪ್ರಕಾರ ನಮ್ಮ ಊರಿನ ಬಾಡಿಗೆದಾರರ ಹಕ್ಕಿನ ಪ್ರಶ್ನೆಯೆಲ್ಲ ಬಂದು ನಿಲ್ಲುವುದು ಇಲ್ಲಿ. ಕಾನೂನು ಗೊತ್ತಿಲ್ಲದೆ ಸುಮ್ಮನಿರುವವರು ಕೆಲವರು. ಬಿಡುವಾಗ ಎಷ್ಟು ಮುರಿಯುತ್ತಾರೋ ಎಂಬ ಭಯಕ್ಕೆ ಸುಮ್ಮನಿರುವವರೇ ಹೆಚ್ಚು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಬೇಕಾಗುವುದರಿಂದ ಕರಾರು ಹನ್ನೊಂದೇ ತಿಂಗಳದು. ಗಲಾಟೆ ಮಾಡಿದವರಿಗೆ ನವೀಕರಣವಿಲ್ಲ. ತಿಂಗಳ ಲೆಕ್ಕದ ಬಾಡಿಗೆಯಾದರೆ, ಬೇರೆ ಕರಾರಿಲ್ಲದಿದ್ದರೆ, 15 ದಿನದ ನೋಟಿಸ್ ಸಾಕು.

ಹಾಗಾದರೆ ಮಾಡುವುದೇನು? ಬರೆಯಬೇಕು. ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದ ಮಾತು ಕಾನೂನಿನ ಕಣ್ಣಿಗೆ ಬೀಳುವುದು ಕಷ್ಟ. "ಮಾನ್ಯರೇ, ಇಂಥ ದಿನದಿಂದ ಇಂಥ ಕೋಣೆಯ ಚಾವಣಿಯಲ್ಲಿ ಸೋರಿಕೆ ಕಂಡಿದೆ, ಇಂಥ ದಿನ ಪ್ಲಂಬರ್ ಪರೀಕ್ಷಿಸಿದ್ದಾನೆ, ಇಷ್ಟು ದಿನದೊಳಗೆ ದುರಸ್ತಿ ಮಾಡಿಸಿಕೊಡಬೇಕಾಗಿ ಕೋರುತ್ತೇವೆ" ಎಂದು ವಿನಯವಾಗಿಯೇ ಒಂದು ಪತ್ರ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರಗಳ ಜೊತೆ ಕಳಿಸಿ, ಸ್ವೀಕೃತಿ ಸಿಗುವಂತೆ ಅಂಚೆಯಲ್ಲೂ ಹಾಕಿದರೆ ಒಳ್ಳೆಯದು. ಅಕ್ಕಪಕ್ಕದವರು "ಅಷ್ಟಕ್ಕೆಲ್ಲ ಪತ್ರವೇ? ಮನಸ್ಸು ಕೆಡುತ್ತದೆ" ಎಂದರು. ಕೆಟ್ಟಿತು, ನಿಜ. ಒಂದು ವಾರ ಮಾಲೀಕರು ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಮೇಸ್ತ್ರಿ ಬಂದ.

ಚಿತ್ರ ತೆಗೆಯುವಾಗ ಒಂದು ಮಾತು. ಗೋಡೆಯ ಮೇಲಿನ ಬಿಳಿ ನಯವಾದ ಹುಡಿಯೆಲ್ಲ ಬೂಷ್ಟಲ್ಲ. ಇಟ್ಟಿಗೆ, ಸಿಮೆಂಟಿನೊಳಗಿನ ಉಪ್ಪು ನೀರಿನ ಜೊತೆ ಹೊರಬಂದು ಒಣಗಿದ್ದೂ ಹಾಗೇ ಕಾಣುತ್ತದೆ. ನೀರು ಚಿಮುಕಿಸಿದರೆ ಉಪ್ಪು ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಎರಡೂ ತೇವದ ಸಾಕ್ಷಿಯೇ, ಆದರೆ ತಪ್ಪು ಹೆಸರಿಟ್ಟು ದೂರು ಕೊಟ್ಟರೆ ಎದುರಿನವರಿಗೆ ತಳ್ಳಿಹಾಕಲು ಸುಲಭ. ಇನ್ನು ನೆಲಕ್ಕೆ ತಾಗಿದಂತೆ ಮೊಳಕಾಲುದ್ದ ಮಾತ್ರ ಗೋಡೆ ಉದುರುತ್ತಿದ್ದರೆ ಅದು ಬುನಾದಿಯಿಂದ ಮೇಲೇರುವ ತೇವವಿರಬಹುದು. ತಾರಸಿ ಎಷ್ಟು ಸಾರಿ ಬಳಿದರೂ ಅದು ಹೋಗುವುದಿಲ್ಲ. ಅದಲ್ಲದೆ ಮಾಲೀಕರ ಮಾತಿನಲ್ಲೂ ಒಮ್ಮೊಮ್ಮೆ ಸತ್ಯವಿರುತ್ತದೆ. ಕಿಟಕಿಯೇ ಇಲ್ಲದ ಬಚ್ಚಲು, ಗೋಡೆಗೆ ಅಂಟಿಸಿಟ್ಟ ಬೀರು, ಒಳಗೇ ಒಣಗುವ ಬಟ್ಟೆ, ಮುಚ್ಚಿದ ಅಡುಗೆಮನೆಯ ಹಬೆ, ಇವುಗಳಿಂದಲೂ ಬೂಷ್ಟು ಬರುತ್ತದೆ. ನಾವು ಬೀರುವನ್ನು ಒಂದು ಗೇಣು ಮುಂದಕ್ಕೆಳೆದೆವು. ಸೋರಿಕೆ ಇರುವಷ್ಟು ದಿನ ಅದರಿಂದ ಏನೂ ಆಗಲಿಲ್ಲ ಎಂಬುದು ಬೇರೆ ಮಾತು.

ಬೂಷ್ಟಿನ ಮೇಲೆ ಬಣ್ಣ ಹೊಡೆಸಿ ಕೈತೊಳೆದುಕೊಳ್ಳುವುದಂತೂ ಶುದ್ಧ ಕಣ್ಕಟ್ಟು. ನೀರಿನ ಮೂಲ ನಿಲ್ಲದೆ ಏನೂ ನಿಲ್ಲದು. ತೇವವೂ ಬೂಷ್ಟೂ ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಅಲರ್ಜಿ, ಅಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಇಷ್ಟರವರೆಗೆ ಇದ್ದರೆ ಪರವಾಗಿಲ್ಲ ಎಂಬ ಅಂಕಿಯನ್ನು ಅದು ಕೊಟ್ಟಿಲ್ಲ, ತೇವವೇ ಇರದಂತೆ ನೋಡಿಕೊಳ್ಳಿ ಎಂದಿದೆ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ವೈದ್ಯರ ಚೀಟಿಗಳನ್ನು ಆ ಪತ್ರದ ಕಡತದಲ್ಲೇ ಇಟ್ಟುಕೊಳ್ಳಿ.

ಅಪಾರ್ಟ್‌ಮೆಂಟ್‌ಗಳಲ್ಲಿ ಕಥೆ ಇನ್ನೂ ಜಟಿಲ. ಮೇಲಿನ ಫ್ಲ್ಯಾಟ್‌ನ ಮಾಲೀಕ ಎಲ್ಲೋ ಪರದೇಶದಲ್ಲಿ, ನಿಮ್ಮ ಮಾಲೀಕ ಪುಣೆಯಲ್ಲಿ, ಸಂಘದ ಕಾರ್ಯದರ್ಶಿಗೆ ಅದು "ಎರಡು ಮನೆಗಳ ನಡುವಿನ ವಿಷಯ". ಬಾಡಿಗೆದಾರರಿಗೆ ಸಂಘದಲ್ಲಿ ಮತವಿಲ್ಲ. ಇಲ್ಲಿ ಉಪಯೋಗಕ್ಕೆ ಬರುವ ಒಂದು ಸಂಗತಿಯನ್ನು ಮಾಲೀಕರಿಗೇ ನೆನಪಿಸಬಹುದು. ರೇರಾ ಎಂದೇ ಹೆಸರಾದ 2016ರ ಕಾಯ್ದೆಯ 14ನೇ ಕಲಮಿನಂತೆ, ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ಕಟ್ಟಡದಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ಹೆಚ್ಚಿನ ಹಣ ಕೇಳದೆ ಸರಿಪಡಿಸಬೇಕು. ಆ ದೂರು ಕೊಡಬೇಕಾದವರು ಮನೆ ಕೊಂಡವರು. ಗಡುವು ಮುಗಿಯುತ್ತ ಬಂದಿದೆ ಎಂದು ಒಮ್ಮೆ ಹೇಳಿ ನೋಡಿ, ಪುಣೆಯಿಂದ ಫೋನ್ ಬರುತ್ತದೆ.

ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಗೊಂದಲಕ್ಕೆ ತಕ್ಕಮಟ್ಟಿಗೆ ಉತ್ತರ ಕೊಡುತ್ತದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಕಟ್ಟಡದ ದುರಸ್ತಿ, ಗೋಡೆಗೆ ಸುಣ್ಣಬಣ್ಣ, ಪೈಪು ಬದಲಿಸುವುದು, ವಿದ್ಯುತ್ ತಂತಿ ಮಾಲೀಕರದು. ನಲ್ಲಿಯ ವಾಷರ್, ಚರಂಡಿ ಸ್ವಚ್ಛತೆ, ಗೀಸರ್, ಸ್ವಿಚ್ಚು, ಕಿಟಕಿಯ ಗಾಜು ಬಾಡಿಗೆದಾರರದು. ಮಾಲೀಕರು ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ, ಒಂದು ತಿಂಗಳಿಗೆ ಬಾಡಿಗೆಯ ಅರ್ಧಕ್ಕೆ ಮೀರದಂತೆ ಮುರಿದುಕೊಳ್ಳಬಹುದು. ವಾಸಕ್ಕೆ ಯೋಗ್ಯವಲ್ಲದ ಸ್ಥಿತಿಯಾಗಿ, ಬರೆದು ತಿಳಿಸಿದರೂ ದುರಸ್ತಿಯಾಗದಿದ್ದರೆ 15 ದಿನದ ನೋಟಿಸ್ ಕೊಟ್ಟು ಮನೆ ಬಿಡಬಹುದು. ಎಲ್ಲ ಸರಿ, ಆದರೆ ಅದು ಮಾದರಿ ಮಾತ್ರ. ಒಪ್ಪಿಕೊಳ್ಳುವುದು ಬಿಡುವುದು ರಾಜ್ಯಗಳಿಗೆ ಸೇರಿದ್ದು, ಕರ್ನಾಟಕ ಇನ್ನೂ ಅದನ್ನು ತನ್ನದಾಗಿಸಿಕೊಂಡಿಲ್ಲ. ಠೇವಣಿಯ ಮಿತಿಗೆ ಮನೆ ಮಾಲೀಕರು ಒಪ್ಪುವುದು ಕಷ್ಟವೆಂದು ನನಗೂ ಗೊತ್ತು. ಮೂರು ಮಹಡಿ ಕಟ್ಟಿಸಿ, ಎರಡನ್ನು ಬಾಡಿಗೆಗೆ ಕೊಟ್ಟು, ಆ ಅಡ್ವಾನ್ಸಿನಲ್ಲೇ ಮಗಳ ಮದುವೆ ಮುಗಿಸಿದ ನಿವೃತ್ತರು ನಮ್ಮ ಮಾಲೀಕರಂಥವರು. ನಾವು ಬಿಡುತ್ತೇವೆಂದರೆ ಅವರು ಮುಂದಿನ ಬಾಡಿಗೆದಾರರನ್ನು ಹುಡುಕಿ ಅವರ ದುಡ್ಡನ್ನು ನಮಗೆ ಕೊಡಬೇಕು. ಬಚ್ಚಲು ಒಡೆಸಿ ಹೊಸದಾಗಿ ಜಲನಿರೋಧಕ ಹಾಕಿಸಲು ಅವರ ಕೈಯಲ್ಲಿ ನಿಜಕ್ಕೂ ಕಾಸಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅಂಥವರಿಗೆ ನಾವು ಹೇಳಿದ್ದು, ಕೆಲಸ ಮಾಡಿಸಿ, ಖರ್ಚಿನ ಒಂದು ಪಾಲನ್ನು ನಾವು ಕೊಡುತ್ತೇವೆ, ಬಾಡಿಗೆಯಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳುತ್ತೇವೆ ಎಂದು. ಅದನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

ಮಾತು ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ಕಾನೂನು ನೆರವು ಪಡೆಯುವ ಅರ್ಹತೆಯಿದೆ. ದಾವೆ ಹೂಡುವ ಮೊದಲೇ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ವ್ಯವಸ್ಥೆಯೂ ಇದೆ. ಒಂದು ಬಚ್ಚಲಿಗಾಗಿ ನ್ಯಾಯಾಲಯ ಹತ್ತುವವರು ವಿರಳ, ಹತ್ತಿ ಎಂದು ನಾನೂ ಹೇಳುವುದಿಲ್ಲ.

ಈಗಿನ ಮನೆಗೆ ಬರುವಾಗ ಕರಾರು ಪತ್ರದ ಕರಡನ್ನು ಮೊದಲೇ ಕೇಳಿ ತೆಗೆದುಕೊಂಡೆವು. ಸುಸ್ಥಿತಿಯ ಸಾಲಿನ ಕೆಳಗೆ ಇನ್ನೊಂದನ್ನು ಸೇರಿಸಿದೆವು: "ತಾರಸಿ, ಹೊರಗೋಡೆ, ಬಚ್ಚಲಿನ ನೆಲ ಹಾಗೂ ಗೋಡೆಯೊಳಗಿನ ಪೈಪುಗಳಿಂದಾಗುವ ಸೋರಿಕೆಯನ್ನು ಲಿಖಿತವಾಗಿ ತಿಳಿಸಿದ 15 ದಿನಗಳೊಳಗೆ ಮಾಲೀಕರು ದುರಸ್ತಿ ಮಾಡಿಸತಕ್ಕದ್ದು; ತಪ್ಪಿದಲ್ಲಿ ಬಾಡಿಗೆದಾರರು ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು." ಒಳಹೊಕ್ಕ ದಿನದ ಚಿತ್ರಗಳನ್ನು, ಅಟ್ಟದ ಒಳಗಿನದು, ಸಿಂಕಿನ ಕೆಳಗಿನದು ಸೇರಿಸಿ, ಮಾಲೀಕರಿಗೂ ಕಳಿಸಿದೆವು. ಹೊಸ ಮಾಲೀಕರು ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿ, "ಇದೇನು, ಯಾರೂ ಹಾಕದ್ದನ್ನು ಹಾಕಿದ್ದೀರಿ?" ಎಂದರು. ಹಿಂದಿನ ಮನೆಯ ಚಾವಣಿಯ ಚಿತ್ರ ತೋರಿಸಿದೆ. ಸ್ವಲ್ಪ ಯೋಚಿಸಿ, ಸೋರಿಕೆ ಕಂಡ ಎರಡು ದಿನದೊಳಗೆ ನಾವು ತಿಳಿಸದಿದ್ದರೆ ಹೆಚ್ಚುವರಿ ಹಾನಿ ನಮ್ಮದೇ ಎಂಬ ಸಾಲನ್ನು ಅವರೂ ಸೇರಿಸಿದರು. ಅದು ನ್ಯಾಯವೇ ಎನಿಸಿತು, ಒಪ್ಪಿದೆವು. ಅಡ್ವಾನ್ಸ್ ಮಾತ್ರ ಎಷ್ಟು ಕೇಳಿಕೊಂಡರೂ ಆರು ತಿಂಗಳಿಗಿಂತ ಕೆಳಗೆ ಇಳಿಯಲಿಲ್ಲ.